ಚೀಟಿ ಹಿಡ್ಕೊಂಡು ಪೇಟೆಗೆ ಹೋಗಿ

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಸಿನಿಮಾ ಅಲ್ಲ, ಫುಡ್ ವಿಡಿಯೋ. ಚೀನಾದ ಗುವಾಂಗ್‌ಝೌ ಊರಿನ ಶಿಗುವಾನ್ ಅನ್ನೋ ಹಳೇ ಏರಿಯಾ. ಬೆಳಗ್ಗೆ ಬೆಳಗ್ಗೆ ವಯಸ್ಸಾದವರು ಪೇಪರ್ ಹಿಡ್ಕೊಂಡು ಟೀ ಅಂಗಡಿಗೆ ಬರ್ತಾರೆ. ಒಂದು ಕೆಟಲ್ ಟೀ, ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಹಬೆಯಾಡೋ ತಿಂಡಿ, ಗಂಟೆಗಟ್ಟಲೆ ಮಾತು. ಇನ್ನೊಂದು ಅಂಗಡಿಯಲ್ಲಿ ಅಕ್ಕಿ ಹಿಟ್ಟನ್ನ ತಟ್ಟೆಗೆ ತೆಳ್ಳಗೆ ಹೊಯ್ದು, ಹಬೆಯಲ್ಲಿ ಬೇಯಿಸಿ, ಸುರುಳಿ ಸುತ್ತಿ ಕೊಡ್ತಿದ್ರು. ಅದಕ್ಕೆ ಚಂಗ್ ಫನ್ ಅಂತಾರಂತೆ. ನಮ್ಮ ಬಾಯಲ್ಲಿ ನೀರು.

ವಿಡಿಯೋ ಮುಗೀತು. ನನ್ನ ರೂಮ್‌ಮೇಟ್, ವಿಜಯಪುರದವಳು, ತಿರುಗಿ ಕೇಳಿದ್ಳು: "ಏ, ನೀ ಭದ್ರಾವತಿಯಾಕಿ ಅಲ್ಲ? ನಿಮ್ಮ ಶಿವಮೊಗ್ಗದಾಗ ಹಿಂಗ ಹಳೇ ಓಣಿ ಏನೈತಿ? ಏನ್ ತಿಂತಾರ ಅಲ್ಲೆ?"

ನಾನು ಫುಲ್ ಕಾನ್ಫಿಡೆನ್ಸಲ್ಲಿ ಶುರು ಮಾಡ್ದೆ. ಜೋಗ ಇದೆ, ಸಕ್ರೆಬೈಲಲ್ಲಿ ಆನೆ ಕ್ಯಾಂಪ್ ಇದೆ, ಆಗುಂಬೆ ಇದೆ...

"ಅವೆಲ್ಲ ಊರ ಹೊರಗ. ಊರಾಗ ಏನೈತಿ ಅಂತ ಕೇಳಿದೆ."

ನಂಗೆ ಉತ್ತರ ಗೊತ್ತಿರಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಮುಕ್ಕಾಲು ಗಂಟೆ, ಆದ್ರೂ ಹಠ ಮಾಡಿ ಹಾಸ್ಟೆಲ್ ಸೇರಿದವಳು ನಾನು. ಗುವಾಂಗ್‌ಝೌ ತಿಂಡಿಯ ಹೆಸರು ಕಲಿತೆ. ಆಟೋದಲ್ಲಿ ಹೋಗಿ ಬರೋ ದೂರದ ಗಾಂಧಿ ಬಜಾರಲ್ಲಿ ಬೆಳಗ್ಗೆ ಏನು ನಡೆಯುತ್ತೆ ಅಂತ ಗೊತ್ತಿಲ್ಲ.

ಈ ಕಥೆ ಈಗ ಯಾಕೆ ಅಂದ್ರೆ, ನಮ್ಮ ಕನ್ನಡ ಸಂಘದಲ್ಲಿ ಈ ಸಲದ ರಾಜ್ಯೋತ್ಸವಕ್ಕೆ ಒಂದು ಪ್ಲಾನ್ ಓಡ್ತಾ ಇದೆ. ಅರವತ್ತು ಜನ, ಒಂದು ಬಸ್, ಒಂದೇ ಟೀ ಶರ್ಟ್, ಭಾನುವಾರ "ಹಳೇ ಶಿವಮೊಗ್ಗ ಫುಡ್ ವಾಕ್". ಕೊನೆಗೆ ಕ್ಯಾಂಪಸ್ಸಲ್ಲಿ ಕೇಟರಿಂಗಿನವರಿಂದ "ಮಲೆನಾಡ ಊಟ"ದ ಸ್ಟಾಲ್. ಹೋದ ವರ್ಷದ ಸ್ಟಾಲಿನ ಕಡುಬು ತಿಂದವರಿಗೆ ಗೊತ್ತು, ಅದನ್ನ ಕ್ರಿಕೆಟ್ ಟೀಮಿಗೆ ಕೊಡಬಹುದಿತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಪೇಟೆಗೆ ಹೋಗೋಣ. ಆದ್ರೆ ಹಾಗೆ ಹೋಗೋದು ಬೇಡ. ಯಾಕೆ ಅಂದ್ರೆ, ಹಾಗೆ ಹೋಗಿ ಸೋತವಳು ನಾನು.

ಮೊದಲ ಸಲ ನಾವು ನಾಲ್ಕು ಜನ ಭಾನುವಾರ ಹೋದ್ವಿ. ಫೋನಲ್ಲಿ ಲಿಸ್ಟ್ ರೆಡಿ ಇತ್ತು: ಅರಮನೆ, ಕೋಟೆ ಆಂಜನೇಯ, ಗಾಂಧಿ ಬಜಾರ್, "ಅಥೆಂಟಿಕ್ ಮಲ್ನಾಡ್ ಬ್ರೇಕ್‌ಫಾಸ್ಟ್". ಏಳೋದೇ ಹತ್ತಕ್ಕೆ, ಊರು ಮುಟ್ಟಿದಾಗ ಹನ್ನೊಂದು ದಾಟಿತ್ತು. ತಿಂಡಿ ಮುಗಿದಿತ್ತು, ಊಟ ರೆಡಿ ಇರಲಿಲ್ಲ. ಶಿವಪ್ಪ ನಾಯಕನ ಹೆಸರಿನ ಅರಮನೆ ನೋಡಿದ್ವಿ. ಅದು ಈಗ ಸರ್ಕಾರಿ ಮ್ಯೂಸಿಯಂ. ಆ ಮರದ ಕಂಬಗಳು, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರೋ ಹಳೇ ಶಿಲ್ಪಗಳು, ಶಾಸನಗಳು ಎಲ್ಲಾ ಚೆನ್ನಾಗಿವೆ. ನಾವು ಅಲ್ಲಿ ಇದ್ದಿದ್ದು ಇಪ್ಪತ್ತು ನಿಮಿಷ, ಅದರಲ್ಲಿ ಹದಿನೈದು ಫೋಟೋಗೆ. 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ ಶಿವಪ್ಪ ನಾಯಕನ ಕಂದಾಯ ವ್ಯವಸ್ಥೆಗೆ "ಶಿವಪ್ಪ ನಾಯಕನ ಶಿಸ್ತು" ಅಂತ ಹೆಸರು. ನಮಗೆ ಆ ಶಿಸ್ತಿನ ಗಾಳಿಯೂ ಸೋಕಿರಲಿಲ್ಲ. ಗಾಂಧಿ ಬಜಾರಲ್ಲಿ ಟ್ರಾಫಿಕ್, ಬಿಸಿಲು, ಹಾರ್ನ್. ಒಂದು ಗಂಟೆಗೆ ಮಾಲಲ್ಲಿ ಪಿಜ್ಜಾ ತಿಂತಾ ಕೂತಿದ್ವಿ. "ಏನೂ ಇಲ್ಲ ಕಣೇ ಈ ಊರಲ್ಲಿ" ಅಂತ ತೀರ್ಪೂ ಕೊಟ್ವಿ.

ಆ ವೀಕೆಂಡ್ ಮನೆಗೆ ಹೋದಾಗ ಅಜ್ಜಿಗೆ ಹೇಳ್ದೆ. ಅಜ್ಜಿ ನಕ್ಕರು. "ಪೇಟೆಗೆ ಕೆಲಸ ಇಲ್ದೆ ಹೋದ್ರೆ ಏನ್ ಕಾಣುತ್ತೆ ಪುಟ್ಟಿ? ತಗೋ, ಬರ್ತಾ ಇಷ್ಟು ತಂದ್ಕೊಡು" ಅಂತ ಒಂದು ಚೀಟಿ ಬರೆದುಕೊಟ್ರು. ಮುರುಗಲು ಸಿಪ್ಪೆ ನೂರು ಗ್ರಾಂ. ಜೋನಿ ಬೆಲ್ಲ ಒಂದು ಕೆಜಿ. ಕೆಸುವಿನ ಎಲೆ ಎರಡು ಕಟ್ಟು, "ಎಳೇದು" ಅಂತ ಅಂಡರ್‌ಲೈನ್. ಕಳಲೆ ಸಿಕ್ಕರೆ. ಕೊನೆಯಲ್ಲಿ, "ಗ್ರಂಥಿಗೆ ಅಂಗಡೀಲಿ ಕೇಳು".

ಗ್ರಂಥಿಗೆ ಅಂಗಡಿ ಅಂದ್ರೆ ಏನು ಅಂತ ನಂಗೆ ಗೊತ್ತಿರಲಿಲ್ಲ. ಪುಸ್ತಕದ ಅಂಗಡಿ ಅಂದ್ಕೊಂಡೆ. ಗ್ರಂಥ, ಗ್ರಂಥಾಲಯ, ಗ್ರಂಥಿಗೆ... ಇಂಗ್ಲಿಷ್ ಮೀಡಿಯಂ ತಲೆಗೆ ಅದೇ ಲಾಜಿಕ್. ನಗಬೇಡಿ, ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳಿ ನೋಡಿ.

ಎರಡನೇ ಸಲ ಹೋಗಿದ್ದು ಆಗಸ್ಟಲ್ಲಿ, ಶನಿವಾರ ಬೆಳಗ್ಗೆ ಆರೂವರೆಗೆ. ಮಳೆ ಜಿಟಿಜಿಟಿ ಅಂತಿತ್ತು. ಆಟೋ ಡ್ರೈವರ್ ಕೇಳದೇ ಇದ್ರೂ ಮೊದಲು ಕೋರ್ಪಲಯ್ಯನ ಛತ್ರದ ಹತ್ರ ನಿಲ್ಲಿಸಿದ್ರು. "ಮಂಟಪ ನೋಡ್ಕೊಂಡು ಹೋಗಿ." ತುಂಗಾ ನದಿಯ ಮಧ್ಯೆ ಒಂದು ಕಲ್ಲಿನ ಮಂಟಪ ಇದೆ. ಮಳೆಗಾಲದಲ್ಲಿ ಅದು ಎಷ್ಟು ಮುಳುಗಿದೆ ಅನ್ನೋದೇ ಶಿವಮೊಗ್ಗದವರಿಗೆ ಹೊಳೆಯ ಅಳತೆ. ಅವತ್ತು ಮಂಟಪದ ಮೇಲ್ಭಾಗ ಮಾತ್ರ ಕಾಣ್ತಿತ್ತು. ಕೊಡೆ ಹಿಡ್ಕೊಂಡು ಹತ್ತು ಹದಿನೈದು ಜನ ಸುಮ್ನೆ ನಿಂತು ನೋಡ್ತಾ ಇದ್ರು, "ನಿನ್ನೆಗಿಂತ ಒಂದಡಿ ಏರಿದೆ", "ಇಲ್ಲ ಇಲ್ಲ, ಇಳಿದಿದೆ" ಅಂತ ವಾದ. ಸೆನ್ಸರ್ ಹಾಕಿ ಅಳೆಯೋ ಪ್ರಾಜೆಕ್ಟನ್ನ ನಾವು ಲ್ಯಾಬಲ್ಲಿ ಮಾಡ್ತೀವಿ. ಇಲ್ಲಿ ಒಂದು ಮಂಟಪವೇ ಆ ಕೆಲಸ ಮಾಡ್ತಿದೆ. "ಗಂಗಾ ಸ್ನಾನ, ತುಂಗಾ ಪಾನ" ಅನ್ನೋ ಮಾತನ್ನ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ. ಕೆಂಪಗೆ ನುಗ್ಗೋ ಆ ನೀರು ನೋಡಿದಾಗ ಮಾತ್ರ ಇದು ಅದೇ ತುಂಗೆ ಅಂತ ತಲೆಗೆ ಹೋಯ್ತು.

ಆಮೇಲೆ ತಿಂಡಿ. ಗಾಂಧಿ ಬಜಾರ್ ಹತ್ತಿರ ಒಂದು ಚಿಕ್ಕ ಹೋಟ್ಲು, ಆರು ಟೇಬಲ್. ಇಡ್ಲಿ, ವಡೆ, ಬನ್ಸ್, ಕಾಫಿ. ಮೂಲೆ ಟೇಬಲ್ಲಲ್ಲಿ ಮೂರು ಜನ ಹಿರಿಯರು, ಒಂದೇ ಪೇಪರನ್ನ ಮೂರು ಭಾಗ ಮಾಡಿ ಓದ್ತಾ ಇದ್ರು. ವಿಡಿಯೋದಲ್ಲಿ ನೋಡಿದ್ದ ಶಿಗುವಾನ್ ಟೀ ಅಂಗಡಿ ಥಟ್ ಅಂತ ನೆನಪಾಯ್ತು. ವ್ಯತ್ಯಾಸ ಅಂದ್ರೆ ಇಲ್ಲಿ ಸ್ಟೀಲ್ ಲೋಟ.

ಗಲ್ಲಾದ ಮೇಲೆ ಕೂತಿದ್ದ ಮಾಲೀಕರನ್ನ ಕೇಳ್ದೆ, "ಕಡುಬು, ಪತ್ರೊಡೆ ಎಲ್ಲಾ ಮಾಡಲ್ವಾ ಸರ್?"

"ಅದು ಮನೇಲಿ ಮಾಡೋದಲ್ವೇನಮ್ಮಾ? ದುಡ್ಡು ಕೊಟ್ಟು ಯಾಕೆ ತಿಂತಾರೆ?" ಅಂದ್ರು. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಹೋಟ್ಲು ಇಟ್ಟವರಂತೆ. ಆಗ ಮಂಡಿಗೆ ಅಡಿಕೆ ತಂದ ಹಳ್ಳಿ ಜನ, ಕೋರ್ಟಿಗೆ ಬಂದವರು, ಮದುವೆ ಜವಳಿಗೆ ಬಂದವರು ಇಲ್ಲಿ ಬಂದು ಕೇಳ್ತಿದ್ದಿದ್ದು ಮನೇಲಿ ಸಿಗದ ತಿಂಡಿಯನ್ನ. ಮಸಾಲೆ ದೋಸೆ, ಪೂರಿ, ಒಳ್ಳೆ ಕಾಫಿ.

ನನ್ನ ರೂಮ್‌ಮೇಟ್ ಸುಮ್ನಿರಲಿಲ್ಲ. "ನಮ್ಮ ಕಡೆ ಖಾನಾವಳಿಯಾಗ ರೊಟ್ಟಿ, ಪಲ್ಯ, ಮನಿ ಊಟನೇ ಸಿಗ್ತದಲ್ರಿ?" ಮಾಲೀಕರು ನಕ್ಕು, "ಸಿಗುತ್ತಮ್ಮ, ಅಲ್ಲಿ ಅದನ್ನ ದಿನಾ ತಿನ್ನೋರು ಬರ್ತಾರೆ. ನೀವು ದಿನಾ ಬರ್ತೀನಿ ಅನ್ನಿ, ನಾಳೆಯಿಂದಲೇ ಕಡುಬು ಹಾಕ್ತೀನಿ" ಅಂದ್ರು.

ಆ ಮಾತು ನನ್ನ ತಲೇಲಿ ಕೂತುಬಿಡ್ತು. ನಾವು "ಹಳೇ ಏರಿಯಾ" ಅಂದ ತಕ್ಷಣ ಅಲ್ಲಿ ಹಳೇ ಅಡುಗೆ ತಟ್ಟೆಯಲ್ಲಿ ರೆಡಿ ಇರಬೇಕು ಅಂದ್ಕೊಳ್ತೀವಿ. ಮಲೆನಾಡಿನ ಅಡುಗೆ ಹೋಟ್ಲಿನದ್ದಲ್ಲ, ಮನೆಯದ್ದು. ಪೇಟೆ ಆ ಅಡುಗೆಗೆ ಬೇಕಾದ ಸಾಮಾನು ಮಾರುತ್ತೆ. ಅದಕ್ಕೇ ಮೊದಲ ಸಲ ನಮಗೆ ಏನೂ ಕಾಣಲಿಲ್ಲ. ನಾವು ಹುಡುಕಿದ್ದು ಪ್ಲೇಟ್, ಅಲ್ಲಿ ಇದ್ದಿದ್ದು ಮೂಟೆ.

ಗ್ರಂಥಿಗೆ ಅಂಗಡಿ ಸಿಕ್ಕಿತು. ಪೂಜೆ ಸಾಮಾನು, ಬೇರು, ತೊಗಟೆ, ಔಷಧಿ ಸಾಮಾನು, ಮಸಾಲೆ ಎಲ್ಲಾ ಮಾರೋ ಅಂಗಡಿ. ಒಳಗೆ ಕರ್ಪೂರ, ಏಲಕ್ಕಿ, ಒಣ ಬೇರು ಎಲ್ಲಾ ಸೇರಿದ ವಾಸನೆ. ಲಕ್ಷ್ಮಿ ಫೋಟೋ ಪಕ್ಕದಲ್ಲೇ ಯುಪಿಐ ಸ್ಕ್ಯಾನರ್. ಚೀಟಿ ಕೊಟ್ಟ ತಕ್ಷಣ ಅಂಗಡಿಯವರ ಮುಖವೇ ಬದಲಾಯ್ತು. "ಕೆಸು ತಗೊಂಡಿದೀರಾ? ಹಾಗಾದ್ರೆ ಹುಳಿ ಜಾಸ್ತಿ ಬೇಕು. ಮುರುಗಲು ಸಾಕಾ, ವಾಟೆಹುಳಿನೂ ಕೊಡ್ಲಾ? ಮನೇಲಿ ಯಾರಿದ್ದಾರೆ ಮಾಡೋಕೆ?" ಹತ್ತು ನಿಮಿಷ ನಿಲ್ಲಿಸಿಕೊಂಡು ಪಾಠ ಮಾಡಿದ್ರು. ಫೋನ್ ಹಿಡ್ಕೊಂಡು "ಅಂಕಲ್ ಒಂದು ವಿಡಿಯೋ" ಅಂದಿದ್ರೆ ಈ ಪಾಠ ಸಿಗ್ತಾ ಇರಲಿಲ್ಲ ಅಂತ ನಂಗೆ ಗ್ಯಾರಂಟಿ.

ಆ ಪಾಠದ ಹಿಂದೆ ಕೆಮಿಸ್ಟ್ರಿ ಇದೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಥರದ ಹರಳುಗಳಿರ್ತವೆ, ಗಂಟಲು ತುರಿಸೋದು ಅದರಿಂದ. ಹುಳಿ ಹಾಕಿ ಚೆನ್ನಾಗಿ ಬೇಯಿಸಿದ್ರೆ ತುರಿಕೆ ಅಡಗುತ್ತೆ. ಹಸಿ ಕಳಲೆಯಲ್ಲಿ, ಅಂದ್ರೆ ಎಳೇ ಬಿದಿರು ಮೊಳಕೆಯಲ್ಲಿ, ಸಯನೈಡ್ ಬಿಡುಗಡೆ ಮಾಡೋ ಅಂಶ ಇರುತ್ತೆ. ಅದಕ್ಕೇ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಇಟ್ಟು, ದಿನಾ ನೀರು ಬದಲಾಯಿಸಿ, ಆಮೇಲೆ ಬೇಯಿಸ್ತಾರೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾನು ಪಾಸಾದೆ, ಆದ್ರೆ ಇದನ್ನ ಕಲಿತಿದ್ದು ಆ ಶನಿವಾರ. ತರಕಾರಿ ಹೆಂಗಸೊಬ್ಬರು ನೀರು ತುಂಬಿದ ಬಕೆಟ್ಟಲ್ಲಿ ಕಳಲೆ ಇಟ್ಕೊಂಡು ಕೂತಿದ್ರು. "ಇವತ್ತೇ ಮಾಡ್ಬೇಡಿ, ಇನ್ನೂ ಒಂದಿನ ನೀರು ಬದಲಾಯ್ಸಿ" ಅಂತ ಅವರೇ ಎಚ್ಚರಿಸಿದ್ರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಬ್ಯಾಚಲ್ಲಿ ಹೊರಗಿನ ಜಿಲ್ಲೆಯವರು ತುಂಬಾ ಜನ ಇದ್ದಾರೆ. ಅವರ ಮನೆಯವರಿಗೆ ಗಾಂಧಿ ಬಜಾರ್ ಹೆಸರು ಗೊತ್ತಿರೋದು ನ್ಯೂಸ್ ಚಾನೆಲ್‌ನಿಂದ. ಗಲಾಟೆ, ನಿಷೇಧಾಜ್ಞೆ, ಬ್ಯಾರಿಕೇಡ್. "ಆ ಕಡೆ ಹೋಗಬೇಡ" ಅಂತ ಅಡ್ಮಿಷನ್ ದಿನವೇ ಹೇಳಿರ್ತಾರೆ. ಆ ಗಲಾಟೆಗಳು ಸುಳ್ಳಲ್ಲ, ಆ ಭಯಾನೂ ಸುಳ್ಳಲ್ಲ. ಆದ್ರೆ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಇದೇ ಗಾಂಧಿ ಬಜಾರ್ ದೇವಿಗೆ ತವರುಮನೆ. ಇಲ್ಲಿಂದಲೇ ಮೆರವಣಿಗೆ ಕೋಟೆಗೆ ಹೋಗುತ್ತೆ. ಮಿಕ್ಕ ದಿನಗಳಲ್ಲಿ ಬೆಳಗ್ಗೆ ಏಳಕ್ಕೆ ಇಲ್ಲಿ ಹೂ ಕಟ್ಟೋರು, ಬಾಳೆಹಣ್ಣು ಇಳಿಸೋರು, ಬಳೆ ಅಂಗಡಿ ಬಾಗಿಲು ತೆಗೆಯೋರು, ಬ್ರೆಡ್ ಡೆಲಿವರಿಯವರು. ಎಲ್ಲಾ ಧರ್ಮದವರೂ ಒಂದೇ ಟೀ ಗಾಡಿ ಮುಂದೆ ಚಿಲ್ಲರೆಗಾಗಿ ಜಗಳ ಆಡ್ತಿರ್ತಾರೆ. ನ್ಯೂಸಲ್ಲಿ ಈ ಬೆಳಗ್ಗೆ ಬರಲ್ಲ. ಅದನ್ನ ನಾವೇ ಹೋಗಿ ನೋಡದಿದ್ರೆ ನಾಲ್ಕು ವರ್ಷ ಇದ್ದ ಊರಿನ ಬಗ್ಗೆ ಬ್ಯಾರಿಕೇಡಿನ ಚಿತ್ರ ಮಾತ್ರ ತಲೇಲಿ ಇಟ್ಕೊಂಡು ಹೋಗ್ತೀವಿ.

ಸಾಮಾನು ತಗೊಂಡು ನಾಲ್ಕೂ ಜನ ಭದ್ರಾವತಿ ಬಸ್ ಹತ್ತಿದ್ವಿ. ಚೀಟಿ ಇದ್ದ ಮೇಲೆ ತಲುಪಿಸಲೇಬೇಕಲ್ಲ.

ಭದ್ರಾವತಿ ಹಳೇನಗರದಲ್ಲಿ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. 13ನೇ ಶತಮಾನದ ಹೊಯ್ಸಳರ ಕೆಲಸ, ಮೂರು ಗರ್ಭಗುಡಿ. ಬೇಲೂರಿಗೆ ಟ್ರಿಪ್ ಹೋಗೋ ನಾವು ಇಲ್ಲಿಗೆ ಬರಲ್ಲ. ಅಲ್ಲಿ ಒಂದರ್ಧ ಗಂಟೆ ಕೂತು ಮನೆಗೆ ಹೋದ್ವಿ. ಅಜ್ಜಿ ಮೊದಲೇ ಅಕ್ಕಿ ತರಿಯನ್ನ ಉಪ್ಪು ನೀರಲ್ಲಿ ಬೇಯಿಸಿ ಹಿಟ್ಟು ಮಾಡಿಟ್ಟಿದ್ರು. ಉಂಡೆ ಕಟ್ಟಿ ಹಬೆಗೆ ಇಡೋದು ನಮ್ಮ ಕೆಲಸ. ಹಬೆ ಏಳ್ತಿದ್ದಾಗ ರೂಮ್‌ಮೇಟ್ ಪಿಸುಗುಟ್ಟಿದ್ಳು, "ಇದು ಆ ಚೀನಾದವರ ಟೆಕ್ನಿಕ್ಕೇ ಅಲ್ಲೇನ? ಅಕ್ಕಿ, ನೀರು, ಹಬೆ." ಹೌದಲ್ಲ! ನಂಗೆ ಒಂದು ಸಲವೂ ಹೊಳೆದಿರಲಿಲ್ಲ.

ಕಡುಬಿಗೆ ಅಜ್ಜಿ ಮಾಡಿದ್ದು ಕಡಲೆ ಕರಿ, ಕೇರಳದವರು ಪುಟ್ಟಿಗೆ ಮಾಡ್ತಾರಲ್ಲ, ಅದು. ನಮ್ಮನೇಲಿ ಯಾವಾಗ್ಲೂ ಹಾಗೇ. ಇದು ಎಲ್ಲಿಂದ ಬಂತು ಅಂತ ನಾನು ಹತ್ತೊಂಬತ್ತು ವರ್ಷ ಕೇಳೇ ಇರಲಿಲ್ಲ. ಅವತ್ತು ಕೇಳ್ದೆ. ಉತ್ತರ ಕೊಟ್ಟಿದ್ದು ಅಜ್ಜ.

ಬೆಂಕಿಪುರ ಅನ್ನೋ ಹಳೇ ಹೆಸರಿನ ಈ ಊರಿಗೆ 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಬಂತು. 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ತೆಗೆಯೋಕೆ ಶುರು ಮಾಡಿದ್ರು. ಅದಿರು ಕೆಮ್ಮಣ್ಣುಗುಂಡಿಯದ್ದು, ಇದ್ದಿಲು ಮಲೆನಾಡಿನ ಕಾಡಿನ ಮರದ್ದು. ನಾವು ಡಿಪ್ಲೊಮಾ, ಡಿಗ್ರಿ ಅಂತ ಹೆಸರು ಹೇಳೋ ಸರ್ ಎಂ. ವಿಶ್ವೇಶ್ವರಯ್ಯ ಅದೇ ವರ್ಷ ಕಾರ್ಖಾನೆಯ ಜವಾಬ್ದಾರಿ ತಗೊಂಡಿದ್ದು. 1936ರಲ್ಲಿ ಪೇಪರ್ ಮಿಲ್ ಬಂತು. ಕೆಲಸಕ್ಕೆ ತಮಿಳುನಾಡು, ಕೇರಳ, ಆಂಧ್ರ ಎಲ್ಲಾ ಕಡೆಯಿಂದ ಜನ ಬಂದ್ರು. ಅಜ್ಜನ ಶಿಫ್ಟಲ್ಲಿ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದ್ರೆ ಅರ್ಧ ದಕ್ಷಿಣ ಭಾರತ. ಒಬ್ಬರದ್ದು ಗೋಂಗುರ ಚಟ್ನಿ, ಒಬ್ಬರದ್ದು ಪುಳಿಯೋಗರೆ, ಅಜ್ಜನದ್ದು ಕಡುಬು. ಪಕ್ಕದ ಕ್ವಾರ್ಟರ್ಸಿನ ಮಲಯಾಳಿ ಮನೆಯವರು ಅಜ್ಜಿಗೆ ಕಡಲೆ ಕರಿ ಕಲಿಸಿದ್ರು, ಅಜ್ಜಿ ಅವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಲಿಸಿದ್ರು.

ಹಾಗಾದ್ರೆ ನಮ್ಮನೆ ಕಡುಬು, ಕಡಲೆ ಕರಿ ಸಾಂಪ್ರದಾಯಿಕ ಹೌದಾ, ಅಲ್ವಾ? "ಅಥೆಂಟಿಕ್ ಮಲ್ನಾಡ್" ಲಿಸ್ಟಲ್ಲಿ ಇದು ಬರಲ್ಲ. ಆದ್ರೆ ಭದ್ರಾವತಿಗೆ ಇದಕ್ಕಿಂತ ಸ್ವಂತದ ಅಡುಗೆ ಇನ್ನೊಂದಿಲ್ಲ.

"ಗೇಟ್ ಹತ್ರ ಚಿಕ್ಕ ಚಿಕ್ಕ ಹೋಟ್ಲು ಎಷ್ಟಿದ್ವು ಗೊತ್ತಾ?" ಅಂದ್ರು ಅಜ್ಜ. "ಬೆಳಗ್ಗೆ ಐದೂವರೆಗೆ ಬಿಸಿ ಬಿಸಿ ಇಡ್ಲಿ, ಸಂಜೆ ಪರೋಟ. ಸೈರನ್ ಆದ್ರೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ." ಪೇಪರ್ ಮಿಲ್ 2015ರಲ್ಲಿ ನಿಂತುಹೋಯ್ತು. ಕಬ್ಬಿಣದ ಕಾರ್ಖಾನೆ ವರ್ಷ ವರ್ಷ ಚಿಕ್ಕದಾಗ್ತಾ ಬಂದು, 2023ರ ಆರಂಭದಲ್ಲಿ ಮುಚ್ಚೋ ನಿರ್ಧಾರವೇ ಬಂತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತ್ರು. ಅಜ್ಜ ಹೇಳೋ ಆ ಹೋಟ್ಲುಗಳಲ್ಲಿ ಹೆಚ್ಚಿನವು ಈಗ ಇಲ್ಲ. ಆ ಇಡ್ಲಿ ಕೆಟ್ಟದಾಗಿ ಅವು ಮುಚ್ಚಲಿಲ್ಲ, ಅದರ ಬಗ್ಗೆ ರೀಲ್ಸ್ ಬರಲಿಲ್ಲ ಅಂತಲೂ ಅಲ್ಲ. ಐದೂವರೆಗೆ ಹಸಿದು ಬರೋ ಜನ ಬರೋದು ನಿಂತುಹೋಯ್ತು, ಅಷ್ಟೇ.

ಶಿವಮೊಗ್ಗದ ಹೋಟ್ಲು ಮಾಲೀಕರು ಹೇಳಿದ್ದೂ ಅದನ್ನೇ, ನಮ್ಮಜ್ಜ ಹೇಳಿದ್ದೂ ಅದನ್ನೇ. ಹಳೇ ಪೇಟೆ ಬದುಕಿರೋದು ಅಲ್ಲಿಗೆ ಕೆಲಸ ಇಟ್ಕೊಂಡು ಬರೋರಿಂದ. ನೋಡೋಕೆ ಬರೋರಿಂದ ಅಲ್ಲ.

ಇದಕ್ಕೆ ಎದುರು ಮಾತು ಇದೆ, ಗೊತ್ತು. "ಹಾಸ್ಟೆಲಲ್ಲಿ ಕಿಚನ್ ಇಲ್ಲ, ಮುರುಗಲು ತಂದು ಏನ್ ಮಾಡ್ಲಿ?" ಸರಿ. ಡೇ ಸ್ಕಾಲರ್ ಫ್ರೆಂಡ್ ಮನೆಗೆ ಚೀಟಿ ಕೇಳಿ, ಮೆಸ್ ಅಣ್ಣಂದಿರನ್ನ ಕೇಳಿ, ಕ್ಲೀನಿಂಗ್ ಅಕ್ಕಂದಿರನ್ನ ಕೇಳಿ. ಅವರಲ್ಲಿ ಯಾರಿಗೂ ಪೇಟೆಯಿಂದ ಏನೂ ಬೇಡ ಅಂತ ಆಗಲ್ಲ. "ನಾವು ನಾಲ್ಕು ಜನ ನೂರು ಗ್ರಾಂ ಮುರುಗಲು ತಗೊಂಡ್ರೆ ಗಾಂಧಿ ಬಜಾರ್ ಉಳಿಯುತ್ತಾ?" ಇಲ್ಲ, ಹಾಗೆ ನಾನು ಹೇಳ್ತಾ ಇಲ್ಲ. ಗಾಂಧಿ ಬಜಾರಿಗೆ ನಾವು ಅಷ್ಟೊಂದು ಬೇಕಾಗಿಲ್ಲ. ನಮಗೆ ಅದು ಬೇಕು.

ಯಾಕೆ ಬೇಕು? ನಮ್ಮ ಸಿವಿಲ್ ಸೀನಿಯರ್ಸ್ ಟೀಮ್ ಒಂದು ಮಾರ್ಕೆಟ್ ರಸ್ತೆಯ ಮೇಲೆ ಪ್ರಾಜೆಕ್ಟ್ ಮಾಡಿತ್ತು. ಟ್ರಾಫಿಕ್ ಕೌಂಟ್ ತಗೊಂಡಿದ್ದು ಹನ್ನೊಂದರಿಂದ ಒಂದು ಗಂಟೆವರೆಗೆ, ಯಾಕಂದ್ರೆ ಆಗ ಲೆಕ್ಚರ್ ಇರಲಿಲ್ಲ. ರಿಪೋರ್ಟಲ್ಲಿ ಬೆಳಗಿನ ಲೋಡಿಂಗ್ ಇಲ್ಲ, ಹೂವಿನವರಿಲ್ಲ, ನೆಲದ ಮೇಲೆ ಕೂತು ಕಳಲೆ ಮಾರೋ ಹೆಂಗಸು ಇಲ್ಲ. ಡ್ರಾಯಿಂಗಲ್ಲಿ ಆ ಜಾಗಕ್ಕೆ ಪಾರ್ಕಿಂಗ್ ಅಂತ ಬರೆದಿತ್ತು. ಅವರು ಕೆಟ್ಟವರಲ್ಲ, ನಾವೂ ಹನ್ನೊಂದಕ್ಕೇ ಹೋದವರಲ್ವಾ? ಶಿವಮೊಗ್ಗ ಸ್ಮಾರ್ಟ್ ಸಿಟಿ ಲಿಸ್ಟಲ್ಲಿ ಇದ್ದ ಊರು. ಮುಂದೆ ಯಾವ್ಯಾವುದೋ ಊರಿನ ರಸ್ತೆ, ಮಾರ್ಕೆಟ್, ಆ್ಯಪ್ ಮಾಡೋರು ನಾವೇ. ಒಂದು ಪೇಟೆ ಯಾರಿಗೆ, ಯಾವ ಹೊತ್ತಿಗೆ, ಯಾಕೆ ಬೇಕು ಅಂತ ಒಂದೇ ಒಂದು ಊರಲ್ಲಾದ್ರೂ ಕಲಿತಿರದಿದ್ರೆ, ನಾವು ಡ್ರಾಯಿಂಗಲ್ಲಿ ಅಳಿಸಿಹಾಕಿದ್ದು ಏನು ಅಂತ ನಮಗೇ ಗೊತ್ತಾಗಲ್ಲ.

ಅದಕ್ಕೆ ಸಂಘಕ್ಕೆ ನನ್ನ ವಿನಂತಿ. ಬಸ್ ಬೇಡ, ಟೀ ಶರ್ಟ್ ಬೇಡ. ನಾಲ್ಕು ನಾಲ್ಕು ಜನದ ಗುಂಪು, ಪ್ರತಿ ಗುಂಪಲ್ಲಿ ಒಬ್ಬರು ಈ ಜಿಲ್ಲೆಯವರು, ಒಬ್ಬರು ಹೊರಗಿನವರು. ಕೈಯಲ್ಲಿ ಯಾರದ್ದಾದ್ರೂ ಮನೆಯ ಚೀಟಿ. ಬೆಳಗ್ಗೆ ಏಳರ ಒಳಗೆ ಪೇಟೆಯಲ್ಲಿರಬೇಕು. ಸಾಮಾನು ತಲುಪಿಸಿ, ಅದರಿಂದ ಏನು ಮಾಡ್ತಾರೆ ಅಂತ ಕೇಳಿ, ಒಂದು ಪುಟ ಕನ್ನಡದಲ್ಲಿ ಬರೀಬೇಕು. ಸ್ಪೆಲಿಂಗ್ ತಪ್ಪಾದ್ರೂ ಪರವಾಗಿಲ್ಲ, ಈ ಲೇಖನವನ್ನೇ ಎಡಿಟರ್ ಮೂರು ಸಲ ತಿದ್ದಿದ್ದಾರೆ. ರಾಜ್ಯೋತ್ಸವದ ದಿನ ಕೇಟರಿಂಗ್ ಸ್ಟಾಲ್ ಬದಲು ಆ ಪುಟಗಳನ್ನ ಗೋಡೆಗೆ ಹಾಕೋಣ. ಕೆಳಗೆ ಆಯಾ ಮನೆಯವರು ಕಳಿಸಿದ ಒಂದೊಂದು ಡಬ್ಬಿ ಇಡೋಣ. ಎಲ್ಲರಿಗೂ ಹೊಟ್ಟೆ ತುಂಬಲ್ಲ, ಅದಕ್ಕೆ ಮೆಸ್ ಇದ್ದೇ ಇದೆ.

ಅಜ್ಜಿಯ ಮುಂದಿನ ಚೀಟಿ ನನ್ನ ಪರ್ಸಲ್ಲಿದೆ. ವಾಟೆಹುಳಿ ಕಾಲು ಕೆಜಿ, ಏಲಕ್ಕಿ ಐವತ್ತು ಗ್ರಾಂ, ಹಲಸಿನ ಹಪ್ಪಳ ಎರಡು ಕಟ್ಟು. ಕೆಳಗೆ ಹೊಸದಾಗಿ ಒಂದು ಸಾಲು: "ಆ ವಿಜಯಪುರದ ಹುಡುಗೀನೂ ಕರ್ಕೊಂಡು ಬಾ." ಶನಿವಾರ ಬೆಳಗ್ಗೆ ಆರೂಕಾಲಿಗೆ ಲೇಡೀಸ್ ಹಾಸ್ಟೆಲ್ ಗೇಟ್ ಹತ್ರ ಇರ್ತೀವಿ. ಆಟೋದಲ್ಲಿ ಇನ್ನೊಬ್ಬರಿಗೆ ಜಾಗ ಇದೆ.